ಅತ್ತಿಗೆಯ ನೀಲಿ ಸೀಮೆಸುಣ್ಣ

ನಮ್ಮ ಅತ್ತಿಗೆಯನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಎಲ್ಲಾದರೂ ನಾನು ಅವರ ಬಗ್ಗೆ ಒಂದು ಒಳ್ಳೆಯ ಮಾತು ಆಡಿದರೆ, ಅದು ಎಷ್ಟು ಕಷ್ಟಪಟ್ಟು ನನ್ನ ಬಾಯಿಂದ ಹೊರಬಿತ್ತು ಎಂಬುದು ನಿಮಗೆ ಗೊತ್ತಿರಲಿ. ಇಪ್ಪತ್ತೆರಡು ವರ್ಷದಿಂದ ಒಂದೇ ಸೂರಿನ ಕೆಳಗೆ ಇದ್ದೇವೆ. ಒಂದೇ ನಲ್ಲಿಯ ನೀರು, ಒಂದೇ ಒಲೆಯ ಊಟ. ಇಷ್ಟು ವರ್ಷದಲ್ಲಿ ಅವರು ನನಗೆ "ಒಳ್ಳೆ ಕೆಲಸ ಮಾಡ್ದೆ" ಎಂದಿದ್ದು ಒಂದೇ ಒಂದು ಸಲ. ಅದೂ ನಾನು ಜ್ವರ ಬಂದು ಅಂಗಡಿ ಬಾಗಿಲು ಹಾಕಿ ಮಲಗಿದ ದಿನ.

ನಮ್ಮ ಮನೆಯ ಮುಂದಿನ ಕೋಣೆಯೇ ಸೈಕಲ್ ಅಂಗಡಿ. ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೊಳೆಗಳಿಗೆ ನೇತುಹಾಕಿದ ಟೈರು, ಕಿಟಕಿಯ ಕೆಳಗೆ ಪಂಕ್ಚರ್ ನೋಡುವ ನೀರಿನ ತೊಟ್ಟಿ. ಅಂಗಡಿಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲಿದೆ. ಅದನ್ನು ಮುಚ್ಚಿದ್ದು ನಾನು ಕಂಡಿಲ್ಲ. ಆ ಬಾಗಿಲಿಗೆ ಎದುರಾಗಿ ಅತ್ತಿಗೆ ತರಕಾರಿ ಹೆಚ್ಚುತ್ತ ಕೂತರೆಂದರೆ, ನನ್ನ ಸ್ಪ್ಯಾನರ್ ಯಾವ ನಟ್ಟಿನ ಮೇಲೆ ಎಷ್ಟು ತಿರುಗಿತು ಎಂಬುದೆಲ್ಲ ಅವರಿಗೆ ಗೊತ್ತು. "ಇನ್ನರ್ಧ ಸುತ್ತು ಬಾಕಿ ಇದೆ" ಎಂದು ಕೂತಲ್ಲಿಂದಲೇ ಕೂಗುತ್ತಾರೆ. ಅವರ ಗಂಡ, ಅಂದರೆ ನನ್ನ ಅಣ್ಣ, ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವವನು. ಮನೆಯಲ್ಲೂ ಪ್ರತಿ ಮಾತನ್ನು ತೂಗಿ ನೋಡಿ, ಭಾರ ಜಾಸ್ತಿಯಾಯಿತು ಎಂದು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಅವರಿಗೆ ಮಕ್ಕಳಿಲ್ಲ, ನನಗೆ ಮದುವೆಯಿಲ್ಲ. ಹಾಗಾಗಿ ನನಗೂ ಅತ್ತಿಗೆಗೂ ಜಗಳವಾಡಲು ಬೇಕಾದಷ್ಟು ಬಿಡುವು.

ಅಪ್ಪ ಇದ್ದಾಗ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಸೈಕಲ್ಲನ್ನು ಬಿಚ್ಚಿ ಕಟ್ಟಿದವನೇ ಅದನ್ನು ಪರೀಕ್ಷೆ ಮಾಡುವ ಹಾಗಿಲ್ಲ, ಇನ್ನೊಬ್ಬರು ನೋಡಬೇಕು. ನೋಡಿದವರು ಎಲ್ಲ ಸರಿ ಇದ್ದರೆ ಹಿಂದಿನ ಟೈರಿನ ಮೇಲೆ ನೀಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಬೇಕು. ಗೆರೆ ಇಲ್ಲದ ಸೈಕಲ್ಲು ಹೊಸ್ತಿಲು ದಾಟುವ ಹಾಗಿಲ್ಲ. ರಸ್ತೆಗೆ ಇಳಿದು ಹತ್ತು ಮಾರು ಹೋಗುವುದರೊಳಗೆ ಆ ಗೆರೆ ಅಳಿಸಿಹೋಗುತ್ತಿತ್ತು. ಗಿರಾಕಿಗಳು ನಗುತ್ತಿದ್ದರು, ಅವಸರದಲ್ಲಿದ್ದವರು ಬೈಯುತ್ತಿದ್ದರು. ಅಪ್ಪ ಜಗ್ಗುತ್ತಿರಲಿಲ್ಲ. "ಕಟ್ಟಿದವನಿಗೆ ತಾನು ಏನು ಕಟ್ಟಬೇಕು ಅಂತಿದ್ನೋ ಅದೇ ಕಾಣ್ಸುತ್ತೆ ಕಣೋ. ಏನು ಕಟ್ಟಿದಾನೆ ಅನ್ನೋದು ಕಾಣ್ಸಲ್ಲ" ಎನ್ನುತ್ತಿದ್ದ. ಅಮ್ಮ ಬದುಕಿರುವವರೆಗೆ ಗೆರೆ ಎಳೆಯುವ ಕೆಲಸ ಅಮ್ಮನದು. ಅಮ್ಮ ಹೋದ ಮೇಲೆ ಅದು ನನಗೆ ಬರುತ್ತದೆ, ಅಪ್ಪ ಕಟ್ಟಿದ್ದನ್ನು ನಾನು ನೋಡುತ್ತೇನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಣ್ಣನ ಮದುವೆಯಾಯಿತು.

ಮನೆಗೆ ಬಂದಾಗ ಅತ್ತಿಗೆಗೆ ಇಪ್ಪತ್ತೇಳು ವರ್ಷ. ಸೈಕಲ್ ಅಂಗಡಿಯ ಸೊಸೆಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಅಪ್ಪನೇ ಕಲಿಸಿದ. ಮನೆಯ ಹಿಂದಿನ ಓಣಿಯಲ್ಲಿ, ಎರಡೂ ಪೆಡಲ್ ಬಿಚ್ಚಿ, ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿ, ಕಾಲಿನಿಂದ ನೆಲವನ್ನು ಒದ್ದುಕೊಂಡು ಹೋಗಲು ಹೇಳಿದ. ಮೊದಲು ಬೀಳದೆ ಇರುವುದನ್ನು ಕಲಿ, ತುಳಿಯುವುದು ಆಮೇಲೆ ಎಂಬುದು ಅವನ ಲೆಕ್ಕಾಚಾರ. ನನಗೆ ಆಗ ಹತ್ತೊಂಬತ್ತು. ಹಿತ್ತಿಲ ಗೋಡೆಯ ಮೇಲೆ ಕೂತು ನೋಡುತ್ತಿದ್ದೆ. ಮೂರನೆಯ ದಿನ ಅವರು ಸೈಕಲ್ ಸಮೇತ ಚರಂಡಿಗೆ ಬಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಕೆಸರು ಮೆತ್ತಿದ ಸೀರೆಯಲ್ಲೇ ಎದ್ದು ನಿಂತು, "ನಕ್ಕಿದ್ದಾಯ್ತಾ? ಆಗಿದ್ರೆ ಕೆಳಗಿಳಿದು ಈ ಹ್ಯಾಂಡಲ್ ನೋಡು. ವಾರೆ ಕೂತಿದೆ. ನೀನು ಕಟ್ಟಿದ್ದಲ್ವಾ ಇದು?" ಎಂದರು.

ನಾನೇ ಕಟ್ಟಿದ್ದೆ. ವಾರೆಯೇ ಕೂತಿತ್ತು. ಆವತ್ತು ಸಂಜೆ ಅಪ್ಪ ನೀಲಿ ಸೀಮೆಸುಣ್ಣವನ್ನು ಸೊಸೆಯ ಕೈಗೆ ಕೊಟ್ಟ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನನ್ನ ಕೈಯ ವಿಷಯ ಇಲ್ಲೇ ಹೇಳಬೇಕು. ಒಂಬತ್ತನೆಯ ವಯಸ್ಸಿನಲ್ಲಿ ನನ್ನ ಬಲಗೈಯ ತೋರುಬೆರಳು ತಿರುಗುವ ಚೈನಿಗೆ ಸಿಕ್ಕಿ ಅರ್ಧ ಹೋಯಿತು. ಆ ಕೈಗೆ ಹಿಡಿತ ಕಡಿಮೆ. ಸೈಕಲ್ಲಿನಲ್ಲಿ ಬಲಗೈಯದು ಮುಂದಿನ ಚಕ್ರದ ಬ್ರೇಕು, ಎಡಗೈಯದು ಹಿಂದಿನದು. ಗಟ್ಟಿಯಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಅದಕ್ಕೆ ಗಟ್ಟಿ ಕೈ ಬೇಕು. ಹಾಗಾಗಿ ಅಪ್ಪ ನನ್ನ ಸೈಕಲ್ಲಿಗೆ ಮಾತ್ರ ವೈರುಗಳನ್ನು ಅದಲುಬದಲು ಮಾಡಿ ಕಟ್ಟಿಕೊಟ್ಟ, ಮುಂದಿನದು ಎಡಕ್ಕೆ, ಹಿಂದಿನದು ಬಲಕ್ಕೆ. ಮೂವತ್ತು ವರ್ಷ ನಾನು ಹಾಗೇ ಓಡಿಸಿದ್ದೇನೆ. ಅಪ್ಪ ನನಗಾಗಿ ಮಾಡಿದ್ದರಲ್ಲಿ ನನಗೆ ನೆನಪಿರುವುದು ಅದೊಂದೇ.

ಮದುವೆಯಾಗಿ ಕೆಲವು ವರ್ಷದ ಮೇಲೆ ಅತ್ತಿಗೆ ನಮ್ಮ ಬೀದಿಯ ಕೊನೆಯ ಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಪಾಠ ಹೇಳುವ ಕೆಲಸವಲ್ಲ. ಬೆಳಿಗ್ಗೆ ಮತ್ತು ಸಂಜೆ ಗೇಟಿನ ಎದುರು ಕೆಂಪು ಬಾವುಟ ಹಿಡಿದು ವಾಹನಗಳನ್ನು ನಿಲ್ಲಿಸಿ ಮಕ್ಕಳನ್ನು ದಾಟಿಸುವ ಕೆಲಸ. ಅವರಿಗೆಂದೇ ಮಾಡಿಸಿಟ್ಟ ಹಾಗಿತ್ತು. ಲಾರಿಯವರು ಸಹ ಅವರ ಮುಖ ನೋಡಿದ ಕೂಡಲೇ ಗೇರ್ ಇಳಿಸುತ್ತಿದ್ದರು. ಆರು ವರ್ಷ ಅಲ್ಲಿ ನಿಂತು ಅವರು ನೋಡಿದ್ದು ಮಕ್ಕಳು ಸೈಕಲ್ ಹೊಡೆಯುವ ರೀತಿಯನ್ನು. ಬ್ರೇಕಿಲ್ಲದೆ ಚಪ್ಪಲಿ ಉಜ್ಜಿ ನಿಲ್ಲಿಸುವವನು, ಹಿಂದೆ ನೋಡದೆ ಸರಕ್ಕನೆ ತಿರುಗುವವಳು, ತಂಗಿಯನ್ನು ಹ್ಯಾಂಡಲ್ ಮೇಲೆ ಕೂರಿಸಿಕೊಂಡು ಬರುವವನು. ಮನೆಗೆ ಬಂದು ಊಟದ ತಟ್ಟೆಯ ಮುಂದೆ ಕೂತು ಬೈಯುತ್ತಿದ್ದರು. "ಇವಕ್ಕೆ ಗುಣಾಕಾರ ಕಲಿಸ್ತಾರೆ, ನಿಲ್ಲೋದು ಹೇಗೆ ಅಂತ ಯಾರೂ ಕಲಿಸಲ್ಲ." ಅಣ್ಣ ತಲೆ ಅಲ್ಲಾಡಿಸಿ ಊಟ ಮಾಡುತ್ತಿದ್ದ.

ಕೊನೆಗೆ ಅವರು ಹೆಡ್‌ಮಿಸ್ಸಿನ ಕೋಣೆಗೆ ಹೋಗಿ ಕೂತರು. ಒಂದು ದಿನವಲ್ಲ, ಒಂದು ತಿಂಗಳು. ಅವರ ಕಾಟ ತಡೆಯಲಾರದೆ ಹೆಡ್‌ಮಿಸ್ಸು ಐದನೇ ತರಗತಿಗೆ ವಾರಕ್ಕೆರಡು ಪಿರಿಯಡ್ ಕೊಟ್ಟರು. ಯಾರ ಯಾರದೋ ಮನೆಯ ಮೆಟ್ಟಿಲ ಕೆಳಗೆ ತುಕ್ಕು ಹಿಡಿದು ಬಿದ್ದಿದ್ದ ಹನ್ನೆರಡು ಸೈಕಲ್ಲುಗಳನ್ನು ಅತ್ತಿಗೆ ಬೇಡಿ ತಂದರು. ಅಪ್ಪ ಕಟ್ಟಿಕೊಟ್ಟ, ಮಡ್‌ಗಾರ್ಡಿನ ಮೇಲೆ ಒಂದರಿಂದ ಹನ್ನೆರಡರವರೆಗೆ ಬಿಳಿ ಬಣ್ಣದಲ್ಲಿ ನಂಬರು ಬರೆದ. ಅದೇ ಅವನ ಕೊನೆಯ ದೊಡ್ಡ ಕೆಲಸ. ಅವನು ಹೋದ ಮೇಲೆ ಆ ಹನ್ನೆರಡೂ ನನ್ನ ಕೊರಳಿಗೆ ಬಿದ್ದವು.

ಮಕ್ಕಳು ಅವರಿಗೆ ಬ್ರೇಕ್ ಮಿಸ್ ಎಂದು ಹೆಸರಿಟ್ಟವು. ಅವರು ಕಲಿಸುವುದನ್ನು ನಾನು ಶಾಲೆಯ ಕಾಂಪೌಂಡಿನ ಆಚೆ ನಿಂತು ನೋಡಿದ್ದೇನೆ. ಅಪ್ಪನ ಪಾಠವೇ, ಮೊದಲ ಎರಡು ವಾರ ಪೆಡಲ್ ಇಲ್ಲ. ಆಮೇಲೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಅದರ ಮೇಲೇ ಹೋಗಬೇಕು. ಹೋಗುವ ಮಗುವಿನ ಹಿಂದೆ ಅತ್ತಿಗೆ ನಿಂತು ಬೆರಳು ಎತ್ತುತ್ತಾರೆ. ಮಗು ಹಿಂತಿರುಗಿ ನೋಡಿ ಎಷ್ಟು ಬೆರಳು ಎಂದು ಕೂಗಬೇಕು, ಸೈಕಲ್ಲು ಗೆರೆ ಬಿಟ್ಟು ಸರಿಯಬಾರದು. ಪಂದ್ಯ ಇಟ್ಟರೆ ಕಡೆಗೆ ಬಂದವರಿಗೆ ಗೆಲುವು. ಕಾಲು ಊರದೆ ಯಾರು ನಿಧಾನವಾಗಿ ಹೋಗುತ್ತಾರೋ ಅವರೇ ಜಾಣರು. ಹೊಗಳಿಕೆ ಎಂಬುದು ಆ ಮೈದಾನದಲ್ಲಿ ಯಾರಿಗೂ ಸಿಕ್ಕಿಲ್ಲ. ಚೆನ್ನಾಗಿ ಮಾಡಿದವರಿಗೆ "ಹೂಂ, ಮುಂದಿನೋರು" ಎನ್ನುವುದು, ಅಷ್ಟೇ.

"ಬ್ರೇಕು ಹೇಗೆ?" ಎಂದು ಅವರು ಕೇಳಿದರೆ ಮೂವತ್ತು ಮಕ್ಕಳು ಒಂದೇ ಕೊರಳಲ್ಲಿ, "ಎಡಗೈ ಮೊದಲು, ಬಲಗೈ ಆಮೇಲೆ!"

"ಬಲಗೈ ಮೊದಲು ಒತ್ತಿದ್ರೆ?"

"ಮುಂದಿನ ಚಕ್ರ ನಿಲ್ಲುತ್ತೆ, ನಾವು ಹಾರ್ತೀವಿ!"

ಇಷ್ಟಕ್ಕೇ ಬಿಟ್ಟಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಅಪ್ಪ ಹೋದ ಮೇಲೆ ಅಂಗಡಿಯಲ್ಲಿ ಅತ್ತಿಗೆ ಗೆರೆ ಎಳೆಯುವುದು ಸಾಲದೆಂದು, ಶಾಲೆಯಲ್ಲೂ ಪಿರಿಯಡ್ಡಿನ ಮೊದಲ ಹತ್ತು ನಿಮಿಷ ಮಕ್ಕಳಿಂದಲೇ ಪರೀಕ್ಷೆ ಮಾಡಿಸತೊಡಗಿದರು. ಒಂದೊಂದು ಸೈಕಲ್ಲಿಗೆ ಇಬ್ಬರೋ ಮೂವರೋ. ಅಲ್ಲಾಡಿಸು, ಒತ್ತು, ತಿರುಗಿಸು, ಕೇಳು. ಎಲ್ಲಾದರೂ ಒಂದು ನಟ್ಟು ಕಟಕಟ ಎಂದರೆ ಅತ್ತಿಗೆ ಅಷ್ಟು ಮಕ್ಕಳ ಮುಂದೆ ಕೇಳುವರು, "ಇದನ್ನ ಕಟ್ಟಿದ್ದು ಯಾರು?" ಮಕ್ಕಳು ಮುಗಿಲು ಹರಿಯುವ ಹಾಗೆ ಕೂಗುವವು, "ಸಡ್ಲ ಮಾಮ!" ಆ ಹೆಸರು ಶಾಲೆಯ ಗೇಟು ದಾಟಿ ಬೀದಿಗೆ ಬಂತು. ಬ್ರೆಡ್ ತರಲು ಹೋದರೆ ಬೇಕರಿಯವನೂ "ಬನ್ನಿ ಸಡ್ಲ ಮಾಮ" ಎಂದ. ಆ ದಿನ ನಾನು ಮನೆಗೆ ಬಂದು ಕಾಗದ ಪೆನ್ನು ತೆಗೆದುಕೊಂಡು ಕೂತೆ.

ಹೆಡ್‌ಮಿಸ್ಸಿಗೆ ಬರೆದ ಆ ಪತ್ರದ ಒಂದೊಂದು ಸಾಲೂ ನನಗೆ ಬಾಯಿಪಾಠ. ಇನ್ನು ಮುಂದೆ ಸೈಕಲ್ಲುಗಳ ಪೂರ್ತಿ ಜವಾಬ್ದಾರಿ ನನ್ನದು, ಬರವಣಿಗೆಯಲ್ಲಿ ಗ್ಯಾರಂಟಿ ಕೊಡುತ್ತೇನೆ. ಆದರೆ ಮಕ್ಕಳ ಎದುರು ನನ್ನ ಕೆಲಸವನ್ನು ಪರೀಕ್ಷೆ ಮಾಡುವ ಪದ್ಧತಿ ನಿಲ್ಲಬೇಕು, ಇಲ್ಲದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ. ಬೇರೆ ಅಂಗಡಿ ನಮ್ಮ ಕಡೆ ಇಲ್ಲ ಎಂಬುದು ನನಗೂ ಗೊತ್ತಿತ್ತು, ಹೆಡ್‌ಮಿಸ್ಸಿಗೂ ಗೊತ್ತಿತ್ತು. ಅವರಿಗೂ ಆ ಹತ್ತು ನಿಮಿಷ ದಂಡ ಎನ್ನಿಸಿತ್ತು. ಅತ್ತಿಗೆಯನ್ನು ಕರೆದು, ಪರೀಕ್ಷೆ ಬಿಡಿ, ಇಲ್ಲ ಕ್ಲಾಸೇ ಬಿಡಿ ಎಂದರು.

ಆ ಸಂಜೆ ಅತ್ತಿಗೆ ಅಂಗಡಿಯ ನಡುವೆ ಬಂದು ನಿಂತರು.

"ಪತ್ರ ಬರೆದ್ಯಂತೆ."

"ಹೌದು, ಬರೆದೆ."

"ಮಾನ ಹೋಗ್ತಿತ್ತಾ?"

"ಹೋಗ್ತಿತ್ತು ಅತ್ತಿಗೆ. ನಿಮಗೆ ಅದೆಲ್ಲ ಗೊತ್ತಾಗಲ್ಲ."

"ನಟ್ಟು ಬಿಗಿಯಾಗಿ ಹಾಕಿದ್ರೆ ಮಾನ ಎಲ್ಲಿಗೂ ಹೋಗ್ತಿರ್ಲಿಲ್ಲ."

"ಅಪ್ಪ ಇದ್ದಾಗಿಂದ ನೋಡ್ತಿದೀನಿ! ಈ ಮನೆ ಮಗ ನಾನು. ನನ್ನ ಕೆಲಸ ನೋಡೋಕೆ ನೀವ್ಯಾರು?"

ಅವರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಸೀಮೆಸುಣ್ಣ ಬಿಚ್ಚಿ ನನ್ನ ಹಳೆಯ ನಟ್ಟುಗಳ ಡಬ್ಬಿಯೊಳಗೆ ಎಸೆದರು. "ಶಾಲೇಲಿ ನೋಡ್ಬಾರ್ದು ಅಂದ್ಮೇಲೆ ಇಲ್ಲೂ ಮುಟ್ಟಲ್ಲ. ನಿನ್ನ ಗ್ಯಾರಂಟಿ ನೀನೇ ಇಟ್ಕೋ" ಎಂದು ಒಳಗೆ ಹೋದರು. ನಾನು ಗೆದ್ದಿದ್ದೆ. ಆ ರಾತ್ರಿ ಎರಡು ತುತ್ತು ಜಾಸ್ತಿಯೇ ಉಂಡೆ.

ಅದಾಗಿ ಮೂರು ವಾರಕ್ಕೆ ಏಳನೇ ನಂಬರಿನ ಸೈಕಲ್ಲಿನ ಎರಡೂ ಬ್ರೇಕ್ ವೈರು ಸವೆದಿದ್ದವು ಎಂದು ಹೊಸದು ಹಾಕಿದೆ. ಸ್ಟ್ಯಾಂಡಿನ ಮೇಲೆ ಚಕ್ರ ತಿರುಗಿಸಿ ಒಂದು ಹಿಡಿ ಒತ್ತಿದೆ, ನಿಂತಿತು. ಇನ್ನೊಂದು ಒತ್ತಿದೆ, ನಿಂತಿತು. ಹಿಡಿತ ಅಚ್ಚುಕಟ್ಟಾಗಿತ್ತು, ಸದ್ದಿಲ್ಲ, ಸಡಿಲವಿಲ್ಲ. ಈಗ ಅತ್ತಿಗೆ ಬಂದು ನೋಡಲಿ ಎಂದು ಮನಸ್ಸಿನಲ್ಲೇ ಬೀಗಿದೆ. ಮಾರನೆಯ ದಿನ ಮಕ್ಕಳು ಮೊದಲ ಸಲ ಗೇಟಿನಿಂದ ಹೊರಗೆ, ರಸ್ತೆಗೆ ಹೋಗುವವರಿದ್ದರು.

ಏಳನೇ ನಂಬರು ಗುಬ್ಬಿಯ ಪಾಲಿಗೆ ಬಂತು. ಗುಬ್ಬಿ ಎಂದರೆ ಹತ್ತು ವರ್ಷದ ಸಣಕಲು ಹುಡುಗಿ. ಮೈದಾನದಲ್ಲಿ ಬೆರಳು ಎಣಿಸುವುದರಲ್ಲಿ ಒಮ್ಮೆಯೂ ತಪ್ಪದವಳು. ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುವವರು, ಬೆಳಕು ಹರಿಯುವ ಮುಂಚೆ ಮನೆ ಬಿಡುತ್ತಾರೆ. ಹುಡುಗಿ ಒಬ್ಬಳೇ ಬಾಗಿಲಿಗೆ ಬೀಗ ಹಾಕಿಕೊಂಡು ದೊಡ್ಡ ರಸ್ತೆಯ ಅಂಚಿನಲ್ಲಿ ಮುಕ್ಕಾಲು ಗಂಟೆ ನಡೆದು ಬರಬೇಕು. ಸೈಕಲ್ ಕಲಿತರೆ ಹತ್ತು ನಿಮಿಷ. ಕಲಿತು ತೋರಿಸಿದರೆ ಹಳೆಯದೊಂದು ಸೈಕಲ್ಲು ಕೊಡಿಸುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದರು.

ಹಾಲಿನ ಡಿಪೋ ಎದುರಿಗೆ ಬರುವಾಗ ಒಂದು ವ್ಯಾನು ಹಾರ್ನ್ ಕೂಡ ಮಾಡದೆ ಹಿಂದಕ್ಕೆ ನುಗ್ಗಿತು. ಗುಬ್ಬಿ ಕಲಿತ ಹಾಗೆಯೇ ಎಡಗೈಯನ್ನು ಗಟ್ಟಿಯಾಗಿ ಒತ್ತಿದಳು. ಮುಂದಿನ ಚಕ್ರ ಕಚ್ಚಿ ನಿಂತಿತು. ಹುಡುಗಿ ಹ್ಯಾಂಡಲ್ ಮೇಲಿಂದ ಹಾರಿ ರಸ್ತೆಗೆ ಬಿದ್ದಳು. ಭುಜದ ಮೂಳೆ ಮುರಿಯಿತು, ಮುಂದಿನ ಎರಡು ಹಲ್ಲು ಹೋದವು. ಹೆಲ್ಮೆಟ್ಟು ಎರಡು ಹೋಳಾಯಿತು, ತಲೆಗೆ ಏನೂ ಆಗಲಿಲ್ಲ. ಆ ಹೆಲ್ಮೆಟ್ಟುಗಳಿಗಾಗಿ ಒಂದು ವರ್ಷ ಎಲ್ಲರ ತಲೆ ತಿಂದವರು ಅತ್ತಿಗೆ. ಅವರೇ ಹುಡುಗಿಯನ್ನು ಎತ್ತಿಕೊಂಡು ಅದೇ ವ್ಯಾನಿನಲ್ಲಿ ಆಸ್ಪತ್ರೆಗೆ ಹೋದರು.

ಶಾಲೆಯ ಜವಾನ ಸೈಕಲ್ಲನ್ನು ತಳ್ಳಿಕೊಂಡು ಬಂದು ನನ್ನ ಅಂಗಡಿಯಲ್ಲಿ ಬಿಟ್ಟ. ಸ್ಟ್ಯಾಂಡಿಗೆ ಹಾಕಿದೆ. ಎಡದ ಹಿಡಿ ಒತ್ತಿದೆ, ಮುಂದಿನ ಚಕ್ರ ನಿಂತಿತು. ನನಗೆ ಏನೂ ವಿಚಿತ್ರ ಎನ್ನಿಸಲಿಲ್ಲ. ನನ್ನ ಸೈಕಲ್ಲಿನಲ್ಲಿ ಹಾಗೇ ತಾನೇ. ಇನ್ನೊಮ್ಮೆ ಒತ್ತಿದೆ. ಆಗ ಹೊಳೆಯಿತು, ಇದು ನನ್ನ ಸೈಕಲ್ಲಲ್ಲ. ಎರಡೂ ವೈರು ಒಟ್ಟಿಗೆ ತೆಗೆದಿದ್ದೆ. ಕೈ ತನಗೆ ರೂಢಿಯಿದ್ದ ಹಾಗೆ ಕಟ್ಟಿತ್ತು. ಸೀಮೆಸುಣ್ಣ ಹಿಡಿದ ಯಾರು ನೋಡಿದ್ದರೂ ಒಂದೇ ಒತ್ತಿಗೆ ಗೊತ್ತಾಗುತ್ತಿತ್ತು.

ಅಂಗಡಿಯ ಬೀದಿ ಬಾಗಿಲು ಎಳೆದುಕೊಂಡೆ. ಇಪ್ಪತ್ತು ನಿಮಿಷದಲ್ಲಿ ವೈರುಗಳನ್ನು ಬಿಚ್ಚಿ ಸರಿಯಾಗಿ ಕಟ್ಟಿದೆ. ಇದನ್ನು ಓದಿ ನೀವು ನನ್ನನ್ನು ಏನೆಂದುಕೊಂಡರೂ ಸರಿ, ನಾನು ಅದಕ್ಕಿಂತ ಕೆಟ್ಟದ್ದನ್ನು ಅಂದುಕೊಂಡಿದ್ದೇನೆ.

ಅತ್ತಿಗೆ ಕತ್ತಲಾಗುವ ಹೊತ್ತಿಗೆ ಬಂದರು. ಕುಪ್ಪಸದ ಮೇಲೆ ಹುಡುಗಿಯ ಬಾಯಿಯ ರಕ್ತ ಒಣಗಿತ್ತು. ನೇರ ಏಳನೇ ನಂಬರಿನ ಹತ್ತಿರ ಹೋಗಿ ಎರಡೂ ಹಿಡಿ ಒತ್ತಿ ನೋಡಿದರು. ಬಗ್ಗಿ ವೈರು ಕಟ್ಟುವ ನಟ್ಟನ್ನು ನೋಡಿದರು. ಅದರ ಮೇಲೆ ಸ್ಪ್ಯಾನರಿನ ಹೊಸ ಗೀರು ಹೊಳೆಯುತ್ತಿತ್ತು.

"ಇದನ್ನ ಯಾವಾಗ ಮುಟ್ದೆ?"

"ಮುಟ್ಟಿಲ್ಲ."

ಅವರು ನನ್ನ ಮುಖವನ್ನು ನೋಡಿದರು. ನಾನು ನೀರಿನ ತೊಟ್ಟಿಯನ್ನು ನೋಡಿದೆ. ಅವರು ಕೈಕಾಲು ತೊಳೆಯಲು ಹೋದರು.

ಎರಡು ದಿನ ಬಿಟ್ಟು ಹೆಡ್‌ಮಿಸ್ಸು ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಗೋಡೆಗೆ ಏಳನೇ ನಂಬರು ಒರಗಿತ್ತು. ಒಂದು ಬೆಂಚಿನ ಮೇಲೆ ಗುಬ್ಬಿ ಮತ್ತು ಅವಳ ತಾಯಿ, ಇನ್ನೊಂದರ ಮೇಲೆ ನಾನು. ಹುಡುಗಿಯ ಬಲಗೈ ಜೋಳಿಗೆಯ ಹಾಗೆ ಕಟ್ಟಿದ ಬಟ್ಟೆಯಲ್ಲಿತ್ತು. ಅತ್ತಿಗೆ ಕೂರಲಿಲ್ಲ.

ಹೆಡ್‌ಮಿಸ್ಸು ತಾವೇ ಎದ್ದು ಬ್ರೇಕು ಒತ್ತಿ ನೋಡಿದರು. ಎಡಕ್ಕೆ ಹಿಂದಿನದು, ಬಲಕ್ಕೆ ಮುಂದಿನದು. "ಸೈಕಲ್ಲಂತೂ ಸರಿಯಾಗಿದೆ" ಎಂದರು. ನನ್ನ ಕಡೆ ತಿರುಗಿ, "ನಿಮ್ಮ ಅಂಗಡಿಯಿಂದ ಬರುವಾಗಲೂ ಹೀಗೇ ಇತ್ತಲ್ವಾ?" ಎಂದು ಕೇಳಿದರು.

"ಹೀಗೇ ಇತ್ತು" ಎಂದೆ.

ಅವರು ಒಂದು ಕಾಗದ ಮುಂದಿಟ್ಟರು. ಮಗು ಗಾಬರಿಯಾಗಿ, ಕಲಿಸಿದ್ದನ್ನು ಮರೆತು, ಬಲಗೈ ಬ್ರೇಕು ಒತ್ತಿದ್ದರಿಂದ ಬಿತ್ತು ಎಂದು ಅದರಲ್ಲಿ ಬರೆದಿತ್ತು. ಅತ್ತಿಗೆ ರುಜು ಹಾಕಿದರೆ ಕ್ಲಾಸು ಮುಂದುವರಿಯುತ್ತದೆ. ಇಲ್ಲವಾದರೆ ಕಲಿಸಿದ್ದೇ ತಪ್ಪು ಎಂದಾಗುತ್ತದೆ. ಕ್ಲಾಸು ಮುಚ್ಚಿ ಸೈಕಲ್ಲುಗಳನ್ನು ಗುಜರಿಗೆ ಹಾಕಬೇಕು, ಅತ್ತಿಗೆ ಗೇಟಿನ ಬಾವುಟವನ್ನೂ ಬಿಡಬೇಕು.

"ಯಾರನ್ನೂ ದೂರೋ ಪ್ರಶ್ನೆ ಇಲ್ಲ. ಮಕ್ಕಳು ಅಂದ್ಮೇಲೆ ತಪ್ಪು ಮಾಡ್ತಾರೆ. ಒಂದು ರುಜು ಹಾಕಿ ಮುಗಿಸಿ" ಎಂದರು ಹೆಡ್‌ಮಿಸ್ಸು.

ಅತ್ತಿಗೆ ಕಾಗದವನ್ನು ಮುಟ್ಟಲಿಲ್ಲ. "ಅವಳು ಬಲಗೈ ಒತ್ತಿಲ್ಲ. ನಾನು ಎರಡು ಮಾರು ಹಿಂದೆ ಇದ್ದೆ. ಎಡಗೈ ಒತ್ತಿದ್ದನ್ನ ಕಣ್ಣಾರೆ ನೋಡಿದೀನಿ."

"ಎಡಗೈ ಒತ್ತಿದ್ರೆ ಬೀಳೋದು ಹೇಗೆ? ನೀವೇ ನೋಡಿ, ಸೈಕಲ್ ಸರಿ ಇದೆ. ಆವತ್ತು ಸರಿ ಇರ್ಲಿಲ್ಲ ಅಂತೀರಾ?"

ಅತ್ತಿಗೆ ಒಂದು ಮಾತು ಆಡಿದ್ದರೆ ಸಾಕಿತ್ತು. ನಟ್ಟಿನ ಮೇಲಿನ ಗೀರು ತೋರಿಸಿದ್ದರೆ ಸಾಕಿತ್ತು.

"ಆವತ್ತು ನಾನು ಸೈಕಲ್ ನೋಡಿಲ್ಲ. ನೋಡದೇ ಇರೋದರ ಬಗ್ಗೆ ಸರಿ ಅಂತಾನೂ ಹೇಳಲ್ಲ, ತಪ್ಪು ಅಂತಾನೂ ಹೇಳಲ್ಲ" ಎಂದರು ಅತ್ತಿಗೆ. "ನೋಡ್ದೆ ಮಗೂನ ಕೂರಿಸಿದ್ದು ನನ್ನ ತಪ್ಪು. ಅದನ್ನ ಬರ್ಕೊಳ್ಳಿ, ರುಜು ಹಾಕ್ತೀನಿ. ಮಗು ತಪ್ಪು ಮಾಡ್ತು ಅಂತ ಮಾತ್ರ ಹಾಕಲ್ಲ."

"ಹಾಗಾದ್ರೆ ಕ್ಲಾಸು ಇರಲ್ಲ."

"ಬೇಡ."

ಆಗ ಗುಬ್ಬಿ ಬಾಯಿ ಬಿಟ್ಟಳು. ಹಲ್ಲು ಹೋದ ಬಾಯಿಂದ ಮಾತು ಗಾಳಿಯಾಗಿ ಬರುತ್ತಿತ್ತು. "ಮಿಸ್, ನಾನು ಬಲಗೈನೇ ಒತ್ತಿರ್ಬೇಕು. ನಂಗೇ ಗೊತ್ತಾಗ್ತಿಲ್ಲ. ಎಲ್ರೂ ಹಾಗೇ ಹೇಳ್ತಿದಾರೆ. ನಾನೇ ತಪ್ಪು ಮಾಡ್ದೆ ಅಂತ ಬರೀಲಿ ಮಿಸ್, ಕ್ಲಾಸ್ ಇರ್ಲಿ." ಹೇಳುತ್ತ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅದು ಯಾವ ಕೈ ಎಂಬುದೇ ಮರೆತುಹೋದವಳ ಹಾಗೆ.

ನನಗೆ ಕರುಣೆ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬಂದಿದ್ದು ಕೋಪ. ಹುಡುಗಿಯ ಮೇಲೆ, ಅತ್ತಿಗೆಯ ಮೇಲೆ, ಆ ಕಾಗದದ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ.

"ಸಾಕು ನಿಲ್ಸೇ!" ಎಂದು ಎದ್ದು ಕಿರುಚಿದೆ. ಹುಡುಗಿ ಬೆಚ್ಚಿ ತಾಯಿಗೆ ಅಂಟಿಕೊಂಡಳು. "ನೀನು ಒತ್ತಿದ್ದು ಎಡಗೈನೇ! ವೈರು ಅದಲುಬದಲು ಕಟ್ಟಿದ್ದೆ ನಾನು. ನನ್ನ ಸೈಕಲ್ಲಿಗೆ ಕಟ್ಟೋ ಹಾಗೆ ಕಟ್ಬಿಟ್ಟಿದ್ದೆ. ಆಮೇಲೆ ಯಾರಿಗೂ ಗೊತ್ತಾಗ್ಬಾರ್ದು ಅಂತ ಸರಿ ಮಾಡ್ದೆ. ಬರ್ಕೊಳ್ಳಿ ಅದನ್ನ!"

ಹೆಡ್‌ಮಿಸ್ಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅತ್ತಿಗೆ ಕಿಟಕಿಯ ಕಡೆ ತಿರುಗಿದರು. ಹುಡುಗಿಯ ತಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದರು. ಬೈಯಲಿಲ್ಲ, ಶಾಪ ಹಾಕಲಿಲ್ಲ. "ಎರಡು ದಿನದಿಂದ ನನ್ನ ಮಗಳು ತಟ್ಟೆ ಮುಂದೆ ಕೂತು ತನ್ನ ಕೈ ನೋಡ್ಕೊಂಡು ಇರ್ತಾಳೆ. ನಾನೂ ಬೈದೆ, ಎಡ ಬಲ ಗೊತ್ತಿಲ್ವೇನೇ ಅಂತ" ಎಂದರು. ಆಮೇಲೆ ಮಗಳನ್ನು ಎಬ್ಬಿಸಿಕೊಂಡು ಹೊರಟರು. ಬೈದಿದ್ದರೆ ಚೆನ್ನಾಗಿತ್ತು.

ಕ್ಲಾಸು ಉಳಿಯಿತು, ಹತ್ತು ನಿಮಿಷದ ಪರೀಕ್ಷೆಯೂ ವಾಪಸು ಬಂತು. ಸೈಕಲ್ಲುಗಳ ಕೆಲಸ ನನ್ನ ಕೈತಪ್ಪಿತು. ಈಗ ಅವನ್ನು ದೂರದ ಅಂಗಡಿಯವನೊಬ್ಬ ಬಂದು ನೋಡುತ್ತಾನೆ. ಅವನ ಕೆಲಸವೂ ಸಡಿಲವೇ ಎಂದು ಕೇಳಿದ್ದೇನೆ. ಬೀದಿಯ ಗಿರಾಕಿಗಳಲ್ಲಿ ಅರ್ಧದಷ್ಟು ಜನ ನನ್ನ ಬಾಗಿಲಿಗೆ ಬರುವುದು ಬಿಟ್ಟರು.

ಆ ದಿನ ಮನೆಗೆ ನಡೆದು ಬರುವಾಗ ಅತ್ತಿಗೆ ನನಗಿಂತ ಹತ್ತು ಹೆಜ್ಜೆ ಮುಂದಿದ್ದರು. ಹೊಸ್ತಿಲ ಹತ್ತಿರ ನಾನು "ಅತ್ತಿಗೆ" ಎಂದೆ.

"ಎರಡು ದಿನ ಬೇಕಾಯ್ತು ನಿಂಗೆ" ಎಂದರು ಅವರು, ತಿರುಗಿ ನೋಡದೆ. ಅದರ ಮೇಲೆ ಒಂದು ತಿಂಗಳು ಮಾತಿಲ್ಲ. ಊಟಕ್ಕೆ ಕರೆಯುವುದಿದ್ದರೆ ಅಣ್ಣನಿಗೆ ಹೇಳುತ್ತಿದ್ದರು, ಅಣ್ಣ ಅದನ್ನೂ ತೂಗಿ ನೋಡಿ ನನಗೆ ತಲುಪಿಸುತ್ತಿದ್ದ.

ಗುಬ್ಬಿಯ ಕೈಯ ಕಟ್ಟು ಬಿಚ್ಚಿದ್ದು ಏಳನೆಯ ವಾರದಲ್ಲಿ. ಮೂಳೆ ಕೂಡಿತ್ತು, ಆದರೆ ಅವಳು ಸೈಕಲ್ ಮುಟ್ಟಲೊಲ್ಲಳು. ಕ್ಲಾಸಿನ ಹೊತ್ತಿನಲ್ಲಿ ಮೈದಾನದ ಮೂಲೆಯಲ್ಲಿ ಕೂತಿರುತ್ತಿದ್ದಳಂತೆ. ಒಂದು ಶನಿವಾರ ಮಧ್ಯಾಹ್ನ ಅತ್ತಿಗೆ ಅವಳ ರಟ್ಟೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ನನ್ನನ್ನು ಮಾತಾಡಿಸದೆ ನಟ್ಟುಗಳ ಡಬ್ಬಿಗೆ ಕೈ ಹಾಕಿ, ಎಣ್ಣೆ ಮೆತ್ತಿದ ನೀಲಿ ಸೀಮೆಸುಣ್ಣವನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ ಹುಡುಗಿಯ ಎಡಗೈಯಲ್ಲಿ ಇಟ್ಟರು.

"ಇಲ್ಲಿ ಇರೋದನ್ನೆಲ್ಲ ನೋಡು. ಸರಿ ಇದ್ರೆ ಹಿಂದಿನ ಟೈರಿಗೆ ಒಂದು ಗೆರೆ. ಇಲ್ದಿದ್ರೆ ಹಾಕ್ಬೇಡ. ಇವನ ಮುಖ ನೋಡ್ಬೇಡ, ಅದ್ರಲ್ಲಿ ಏನೂ ಇಲ್ಲ."

ಹುಡುಗಿ ಮೊದಲನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಲ್ಲಾಡಿಸಿದಳು, ತಿರುಗಿಸಿದಳು, ಕಿವಿ ಕೊಟ್ಟು ಕೇಳಿದಳು, ಎರಡೂ ಬ್ರೇಕು ಒತ್ತಿದಳು. ನನ್ನ ಕಡೆ ನೋಡದೆ, "ಇದು ನೀವೇ ಕಟ್ಟಿದ್ದಾ ಮಾಮ?" ಎಂದು ಕೇಳಿದಳು.

"ನಾನೇ."

ಮತ್ತೆ ಮೊದಲಿನಿಂದ ಶುರು ಮಾಡಿದಳು. ಇಡೀ ಸೈಕಲ್ಲನ್ನು ಎರಡನೆಯ ಸಲ ನೋಡಿ ಆಮೇಲೆ ಗೆರೆ ಎಳೆದಳು. ಹೀಗೆ ಮೂರು ಸೈಕಲ್ಲು. ಒಳಗೆ ಅತ್ತಿಗೆ ಅಕ್ಕಿ ಆರಿಸುತ್ತ ಕೂತಿದ್ದರು, ಆದರೆ ತಟ್ಟೆಯ ಸದ್ದು ನಿಂತುಹೋಗಿತ್ತು.

ಮೂಲೆಯಲ್ಲಿ ನನ್ನ ಸೈಕಲ್ಲು ನಿಂತಿತ್ತು. ನಾನು ಬೇಡ ಎನ್ನುವುದರೊಳಗೆ ಅವಳು ಅದರ ಹತ್ತಿರ ಹೋಗಿ, ಮುಂದಿನ ಚಕ್ರ ಎತ್ತಿ ತಿರುಗಿಸಿ ಎಡದ ಹಿಡಿ ಒತ್ತಿದಳು. ಚಕ್ರ ಕಚ್ಚಿ ನಿಂತಿತು. ಹುಡುಗಿಯ ಮುಖ ಬಿಳಿಚಿಕೊಂಡಿತು. ಕೈ ಹಿಂದಕ್ಕೆಳೆದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದಳು, ಮತ್ತೆ ನಿಂತಿತು. ಐದಾರು ಸಲ ಹಾಗೆ ಮಾಡಿ, ಬಾಗಿಲ ಕಡೆ ತಿರುಗಿ ಕೂಗಿದಳು.

"ಮಿಸ್! ಇದೇ! ಆವತ್ತು ಹಿಂಗೇ ಆಗಿದ್ದು! ನಾನು ಎಡಗೈನೇ ಒತ್ತಿದ್ದೆ!"

"ನಾನು ಆವತ್ತೇ ಹೇಳಿದ್ನಲ್ಲ" ಎಂದರು ಅತ್ತಿಗೆ, ಒಳಗಿನಿಂದ. ದನಿ ಮಾತ್ರ ಎಂದಿನ ಹಾಗಿರಲಿಲ್ಲ. "ಹೂಂ, ಮುಂದಿಂದು ನೋಡು."

"ಇದಕ್ಕೆ ಗೆರೆ ಹಾಕಲ್ಲ ಮಾಮ" ಎಂದಳು ಗುಬ್ಬಿ. ಈ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. ನಾನು ನನ್ನ ಬಲಗೈ ತೋರಿಸಿ ಬೆರಳಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆದ್ರೂ ಹಾಕಲ್ಲ" ಎಂದಳು.

ಈಗ ಅವಳು ಹಳೆಯ ಸೈಕಲ್ಲೊಂದರಲ್ಲಿ ಶಾಲೆಗೆ ಹೋಗುತ್ತಾಳೆ. ಶನಿವಾರ ಮಧ್ಯಾಹ್ನ ಅಂಗಡಿಗೆ ಬಂದು ನಾನು ಕಟ್ಟಿದ್ದನ್ನೆಲ್ಲ ಎರಡೆರಡು ಸಲ ನೋಡುತ್ತಾಳೆ. ಉಳಿದ ದಿನ ಅತ್ತಿಗೆ ನೋಡುತ್ತಾರೆ, ಬೈಯುತ್ತಾರೆ. ವೈರು ಬದಲಿಸಿ ಕಟ್ಟಿದರೆ ನನ್ನ ಸೈಕಲ್ಲಿಗೂ ಗೆರೆ ಸಿಗುತ್ತದೆ, ನನಗೆ ಗೊತ್ತು. ಆದರೆ ಅಪ್ಪ ಕಟ್ಟಿಕೊಟ್ಟಿದ್ದನ್ನು ಬಿಚ್ಚಲು ಕೈ ಬರುವುದಿಲ್ಲ. ಗೆರೆ ಇಲ್ಲದ ಸೈಕಲ್ಲು ಹೊಸ್ತಿಲು ದಾಟುವ ಹಾಗಿಲ್ಲ. ಎರಡು ವರ್ಷದಿಂದ ನಾನು ನಡೆದೇ ಓಡಾಡುತ್ತಿದ್ದೇನೆ.